ಹಿತ್ತಲ ಬಾಗಿಲು ಇತ್ತಲ್ಲ?

ನಮ್ಮ ಚಿಗವ್ವನ ಕೈಯ ಬಿಸಿ ರೊಟ್ಟಿ ಒಮ್ಮೆ ತಿಂದವರು ಗದಗಿನ ಖಾನಾವಳಿ ರೊಟ್ಟಿಯನ್ನು ಮತ್ತೆ ಹೊಗಳುವುದಿಲ್ಲ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಬಾಯಿಗೆ ಒರಗಿಸಿ ಊದುಗೊಳವಿಯಿಂದ ಒಂದೇ ಒಂದು ಸಲ ಊದಿದರೆ ಸಾಕು, ಕೆಂಡ ಕೆಂಪಗಾಗಿ ರೊಟ್ಟಿ ಪುರಿಯ ಹಾಗೆ ಉಬ್ಬಬೇಕು. ಎರಡನೇ ಸಲ ಊದಿದರೆ ಬೂದಿ ಹಾರಿ ರೊಟ್ಟಿಗೆ ಹತ್ತುತ್ತದೆ ಎಂದು ಆಕೆ ಹೇಳುತ್ತಾಳೆ. ಆ ಊದುಗೊಳವಿ ಕಬ್ಬಿಣದ್ದು, ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಆಕೆಯ ಅತ್ತೆಯ ಕಾಲದ್ದು. 2016ರ ಬೇಸಿಗೆಯಲ್ಲಿ ಅದು ಪೋಲೀಸ್ ಠಾಣೆಗೆ ಹೋಯಿತು, ಅಲ್ಲಿಂದ ಕೋರ್ಟಿಗೆ ಹೋಯಿತು. ಅದರ ಕತೆಯನ್ನೇ ಈಗ ಬರೆಯಲು ಕುಳಿತಿದ್ದೇನೆ. ಚಿಗವ್ವನನ್ನು ಕೇಳದೆ ಬರೆಯುತ್ತಿಲ್ಲ. “ಊರ ಹೆಸರು ಬ್ಯಾಡ, ಮಂದಿ ಹೆಸರು ಬ್ಯಾಡ. ಉಳಕಿದ್ದು ಬರಿ” ಅಂದಳು.

ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ನಡುವಿನ ಹಳ್ಳಿಗಳಲ್ಲಿ ಒಂದು ಎಂದುಕೊಳ್ಳಿ. ಗದಗಿನಿಂದ ಮುಳಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಹೋಗಿ, ಇಳಿದು, ಅರ್ಧ ತಾಸು ನಡೆಯಬೇಕು. ಊರಿನ ಕಡೇ ಮನೆ ಚಿಗವ್ವನದು. ಅಲ್ಲಿಂದಾಚೆಗೆ ಬರೀ ಎರಿ ಹೊಲ, ದೂರದಲ್ಲಿ ಕಪ್ಪತಗುಡ್ಡದ ನೀಲಿ. ಮನೆಗೆ ಮುಂದೆ ಪಡಸಾಲಿ, ಆಮೇಲೆ ನಡುಮನಿ, ಅದರ ಹಿಂದೆ ಅಡಿಗೆಮನಿ, ಅಡಿಗೆಮನಿಗೊಂದು ಹಿತ್ತಲ ಬಾಗಿಲು. ಹಿತ್ತಲಲ್ಲಿ ಬಣವಿ, ಎಮ್ಮಿ ಕಟ್ಟುವ ಗೂಟ. ಈ ನಕಾಶೆ ಓದುಗ ಸೋದರಿಯರ ನೆನಪಿನಲ್ಲಿರಲಿ, ಮುಂದೆ ಕೋರ್ಟಿನಲ್ಲಿ ಬರುತ್ತದೆ.

ಕಾಕಾ ತೀರಿಕೊಂಡು ಆಗ ಐದು ವರ್ಷವಾಗಿತ್ತು. ಮಗಳಿಗೆ ಹದಿಮೂರು. ನಾಲ್ಕೆಕರೆ ಹೊಲವನ್ನು ಚಿಗವ್ವ ತಾನೇ ನಿಂತು ಮಾಡಿಸುತ್ತಿದ್ದಳು. ಕಾಕಾನ ದೊಡ್ಡಪ್ಪನ ಮಗ ಒಬ್ಬನಿದ್ದ, ವರಸೆಯಲ್ಲಿ ಆಕೆಗೆ ಭಾವನಾಗಬೇಕು. ಮೊದಲು ಹೊಲ ಲಾವಣಿಗೆ ಕೊಡು ಎಂದ. ಆಮೇಲೆ ಮಾರಿಬಿಡು, ಹೆಣ್ಣುಮಗಳ ಕೈಯಲ್ಲಿ ಏನಾಗುತ್ತದೆ ಎಂದ. ಎರಡಕ್ಕೂ ಒಲ್ಲೆ ಎಂದ ಮೇಲೆ ಕುಡಿದು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲ ಮುಂದೆ ನಿಲ್ಲತೊಡಗಿದ. ಆಗ ಅವನ ಕಣ್ಣು ಹೊಲದ ಮೇಲಷ್ಟೇ ಇರಲಿಲ್ಲ.

ಚಿಗವ್ವ ಏನು ಮಾಡಿದಳು? ನಾವೆಲ್ಲ ಮಾಡುವುದನ್ನೇ ಮಾಡಿದಳು, ಹಿಂದೆ ಸರಿದಳು. ಅವನು ಕಟ್ಟೆಯ ಮೇಲೆ ಕೂಡುತ್ತಾನೆಂದು ನೀರಿಗೆ ಹೋಗುವ ಹಾದಿ ಬದಲಿಸಿದಳು. ದಿನ ಮುಳುಗುವ ತನಕ ಹೊಲದಲ್ಲಿರುತ್ತಿದ್ದವಳು ನಾಲ್ಕಕ್ಕೇ ಮನೆ ಸೇರತೊಡಗಿದಳು. ಅಮಾಸಿಗೆ ಗುಡಿಗೆ ಹೋಗುವುದನ್ನು ಬಿಟ್ಟಳು. ಮಗಳನ್ನು ಬೈಲಕಡೆಗೆ ಒಬ್ಬಳನ್ನೇ ಕಳಿಸುವುದನ್ನು ಬಿಟ್ಟಳು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಊರಿಗೆ ಊರೇ ಅಂಗಳದಲ್ಲಿ ಹಾಸಿಕೊಂಡು ಮಲಗುತ್ತದೆ. ಆ ವರ್ಷ ತಾಯಿ ಮಗಳಿಬ್ಬರೇ ಒಳಗೆ ಅಗಳಿ ಹಾಕಿಕೊಂಡು ಕುದಿಯುತ್ತ ಮಲಗಿದರು. ಒಂದೊಂದೇ ಹೆಜ್ಜೆ ಹಿಂದಿಟ್ಟು ಕಡೆಗೆ ಅಡಿಗೆಮನೆಯ ಗೋಡೆಗೆ ಬೆನ್ನು ಹತ್ತಿತು.

ಆ ರಾತ್ರಿ ಕರೆಂಟಿರಲಿಲ್ಲ. ಎಮ್ಮಿ ಈಯುವ ದಿನ ತುಂಬಿತ್ತೆಂದು ಚಿಗವ್ವ ಎದ್ದು ಹಿತ್ತಲಿಗೆ ಹೋಗಿ ನೋಡಿ ಬಂದು, ಅಡಿಗೆಮನೆಯಲ್ಲಿ ಕೈ ತೊಳೆಯುತ್ತಿದ್ದಳು. ಹಿತ್ತಲ ಬಾಗಿಲು ಇನ್ನೂ ತೆರೆದೇ ಇತ್ತು. ಅಷ್ಟರಲ್ಲಿ ಮುಂಬಾಗಿಲ ಹಳೇ ಅಗಳಿ ಕಿತ್ತ ಸದ್ದಾಯಿತು. ಪಡಸಾಲಿ ದಾಟಿ ನಡುಮನೆಗೆ ಯಾರೋ ಬಂದರು. ನಡುಮನೆಯಲ್ಲಿ ಮಗಳು ಮಲಗಿದ್ದಳು. ಚಿಗವ್ವನ ಕೈಗೆ ಒಲೆಯ ಪಕ್ಕದ ಊದುಗೊಳವಿ ಸಿಕ್ಕಿತು. “ಯಾರದು?” ಅಂದಳು. ಅವನು ಮಾತಾಡಲಿಲ್ಲ, ಬಂದು ಆಕೆಯ ಕೈ ಹಿಡಿದೆಳೆದ. ಆಕೆ ಹೊಡೆದಳು. ಅವನು ಬಗ್ಗಿದ. ಆಕೆ ಇನ್ನೊಂದು ಹೊಡೆದಳು. ಮಗಳು ಎದ್ದು ಚೀರಿತು, ಅಂಗಳದಲ್ಲಿ ಮಲಗಿದ್ದ ನೆರೆಯವರು ಓಡಿ ಬಂದರು. ಅವನ ಬಲಗೈ ಮಣಿಕಟ್ಟು ಮುರಿದಿತ್ತು. ಎರಡನೇ ಏಟು ಹೆಗಲ ಹಿಂಭಾಗಕ್ಕೆ ಬಿದ್ದಿತ್ತು.

ಬೆಳಗಿನ ಫೋನಿಗೆ ನಾನೂ ನಮ್ಮ ಯಜಮಾನರೂ ಬೆಟಗೇರಿಯಿಂದ ಹೊರಟು ಹತ್ತು ಗಂಟೆಗೆ ಅಲ್ಲಿಗೆ ಮುಟ್ಟಿದೆವು. ಚಿಗವ್ವ ಹಿತ್ತಲಲ್ಲಿ ಕುಳಿತಿದ್ದಳು. ಎಮ್ಮಿ ನಸುಕಿನಲ್ಲಿ ಈದಿತ್ತು, ಕರುವನ್ನು ಗೋಣಿತಾಟಿನಿಂದ ಒರೆಸುತ್ತಿದ್ದಳು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನನ್ನ ಬಾಯಿಂದ ಬಂದ ಮೊದಲ ಮಾತು ಇದು: “ಹಿತ್ತಲ ಬಾಗಲಾ ತಗದೇ ಇತ್ತಂತಲ್ಲ ಚಿಗವ್ವಾ, ಹೊರಗ ಓಡಿ ಹೋಗಿ ಮಂದೀನ ಕರೀಬಾರದಿತ್ತಾ?”

ಆಕೆ ಕರು ಒರೆಸುವುದನ್ನು ನಿಲ್ಲಿಸಲಿಲ್ಲ. “ನೀನೂ ಹಂಗ ಕೇಳ್ತೀಯೇನ, ಯವ್ವಾ? ಬಾಗಲಾ ತಗದಿತ್ತು. ಕಾಲೂ ಗಟ್ಟಿ ಇದ್ದುವು. ಹುಡುಗಿ ನಡುಮನ್ಯಾಗಿದ್ಲು.”

ಆಮೇಲೆ ಆ ಪ್ರಶ್ನೆಯನ್ನು ಎಷ್ಟು ಬಾಯಿಂದ ಕೇಳಿದೆನೋ ಲೆಕ್ಕವಿಲ್ಲ. ಪಂಚನಾಮೆಗೆ ಬಂದವರು ಕೇಳಿದರು. ದವಾಖಾನೆಯಲ್ಲಿ ಚಿಗವ್ವನ ಕೈಯ ಮೇಲಿನ ತರಚು ಗಾಯ ಬರೆದುಕೊಂಡವರು ಕೇಳಿದರು. ಓಣಿಯ ಮುದುಕಿ, ತಾನೂ ಗಂಡನಿಲ್ಲದೆ ನಲವತ್ತು ವರ್ಷ ಬಾಳಿದವಳು, ಆಕೆಯೂ ಕೇಳಿದಳು. ಅವನು ಯಾಕೆ ಬಂದ ಎಂದು ಕೇಳಿದವರು ಕಡಿಮೆ. ಇವಳು ಯಾಕೆ ಓಡಲಿಲ್ಲ ಎಂದು ಕೇಳಿದವರೇ ಬಹಳ.

ಚಿಗವ್ವ ರಾತ್ರೋರಾತ್ರಿ ಮನೆ ಹೊಕ್ಕು ಮೈಮೇಲೆ ಬಿದ್ದನೆಂದು ದೂರು ಕೊಟ್ಟಳು. ಮರುದಿನ ಅವನ ಕಡೆಯವರು ಪ್ರತಿದೂರು ಕೊಟ್ಟರು, ಹೊಲದ ಮಾತಾಡಲು ಹೋದವನ ಕೈ ಮುರಿದಳೆಂದು. ಎರಡೂ ದಾಖಲಾದುವು. ಮೂಳೆ ಮುರಿದರೆ ಕಾಯಿದೆಯಲ್ಲಿ ಅದು ತೀವ್ರ ಗಾಯ, ಕಲಂ 325. ಹೀಗೆ ನಮ್ಮ ಚಿಗವ್ವ ಒಂದು ಕೇಸಿನಲ್ಲಿ ಫಿರ್ಯಾದಿ, ಇನ್ನೊಂದರಲ್ಲಿ ಆರೋಪಿ. ಊದುಗೊಳವಿಗೆ ಚೀಟಿ ಕಟ್ಟಿ ಅರಗು ಹಾಕಿ ಒಯ್ದರು.

ನನ್ನ ಅಣ್ಣನ ಮಗಳು ಆಗ ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದಳು. ಭಾನುವಾರ ಮನೆಗೆ ಬಂದವಳ ಮುಂದೆ ನಾನು ಅಳುಕುತ್ತಲೇ ಕೇಳಿದೆ, ಓಡಲು ಹಾದಿ ಇದ್ದೂ ಓಡದಿದ್ದುದು ತಪ್ಪಾಗುತ್ತದೆಯೇ ಎಂದು. ಅವಳು ನಕ್ಕು, “ಅತ್ತೀ, ನೀವು ಕೇಳೋ ಕಾಯಿದೆ ನಮ್ಮದಲ್ಲ, ಪರದೇಶದ್ದು” ಅಂದಳು. ಆ ಹೊತ್ತಿನಲ್ಲಿ ನಗು ಬಂದದ್ದಕ್ಕೆ ನನಗೆ ಸಿಟ್ಟೂ ಬಂತು. ಆದರೆ ಅವಳು ಹೇಳಿದ್ದನ್ನೆಲ್ಲ ನಾನು ಹಾಲಿನ ಲೆಕ್ಕದ ವಹಿಯ ಹಿಂಬದಿಗೆ ಬರೆದಿಟ್ಟುಕೊಂಡೆ. ನಂತರ ವಕೀಲರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ.

ಇಂಗ್ಲೆಂಡಿನ ಹಳೆಯ ಕಾಯಿದೆಯಲ್ಲಿ ಜಗಳದಲ್ಲಿ ಸಿಕ್ಕವನು ಎದುರಾಳಿಯನ್ನು ಕೊಲ್ಲುವ ಮೊದಲು ಬೆನ್ನಿಗೆ ಗೋಡೆ ಹತ್ತುವ ತನಕ ಹಿಂದೆ ಸರಿದಿರಬೇಕಿತ್ತಂತೆ. ಅಲ್ಲಿಂದ ಅದು ಅಮೆರಿಕಕ್ಕೆ ಹೋಯಿತು. ಅಲ್ಲಿ ಈಗಲೂ ರಾಜ್ಯಕ್ಕೊಂದು ಕಾಯಿದೆ. ನ್ಯೂಯಾರ್ಕಿನಂಥ ರಾಜ್ಯಗಳಲ್ಲಿ ಸುರಕ್ಷಿತವಾಗಿ ಪಾರಾಗುವ ಹಾದಿ ಇದ್ದರೆ ಪ್ರಾಣ ತೆಗೆಯುವಂಥ ಬಲ ಬಳಸಬಾರದು, ಹಿಂದೆ ಸರಿಯಬೇಕು. ಫ್ಲಾರಿಡಾದಲ್ಲಿ 2005ರಲ್ಲಿ ಹೊಸ ಕಾಯಿದೆ ಮಾಡಿ, ಇರಲು ಹಕ್ಕಿರುವ ಜಾಗದಲ್ಲಿ ನಿಂತವನು ಸರಿಯಬೇಕಾಗಿಲ್ಲ ಎಂದರು. ಅದರಿಂದ ಅಲ್ಲಿ ಬಂದೂಕಿನ ಸಾವುಗಳ ಬಗ್ಗೆ ದೊಡ್ಡ ವಾದವೇ ಎದ್ದಿದೆ, ಅದು ಹಾಗಿರಲಿ. ನನಗೆ ಕಣ್ಣು ತೆರೆಸಿದ್ದು ಬೇರೆ ಮಾತು. ಹಿಂದೆ ಸರಿ ಎನ್ನುವ ನ್ಯೂಯಾರ್ಕಿನಲ್ಲಿಯೂ ಸ್ವಂತ ಮನೆಯೊಳಗೆ ಇರುವವರಿಗೆ ಆ ನಿಯಮವಿಲ್ಲ. ಮನೆಯೇ ಕಡೇ ಜಾಗ, ಅಲ್ಲಿಂದ ಎಲ್ಲಿಗೆ ಹೋಗಬೇಕು? ಅಂದರೆ ನಮ್ಮ ಓಣಿಯ ಕಾಯಿದೆ ನ್ಯೂಯಾರ್ಕಿನದಕ್ಕಿಂತ ಬಿಗಿ ಎಂದಾಯಿತು.

ನಮ್ಮ ದೇಶದ ದಂಡ ಸಂಹಿತೆಯಲ್ಲಿ ಓಡಬೇಕೆಂಬ ಮಾತೇ ಇಲ್ಲ. 96ರಿಂದ 106ರವರೆಗಿನ ಕಲಮುಗಳು ಇದಕ್ಕೇ ಮೀಸಲಾಗಿದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅವೇ 34ರಿಂದ 44ರವರೆಗಿನ ಕಲಮುಗಳಾಗಿವೆ, ನಂಬರು ಬೇರೆ, ಒಳಗಿನ ಮಾತು ಹೆಚ್ಚುಕಡಿಮೆ ಅದೇ. ತನ್ನ ಮೈಯನ್ನಷ್ಟೇ ಅಲ್ಲ, ಬೇರೆಯವರ ಮೈಯನ್ನು ಕಾಯಲಿಕ್ಕೂ ಹಕ್ಕಿದೆ. ನಡುಮನೆಯ ಹುಡುಗಿ ಆ ಲೆಕ್ಕಕ್ಕೆ ಬರುತ್ತಾಳೆ. ಎದುರಿನವನ ಪ್ರಾಣ ಹೋಗುವಷ್ಟು ಹೊಡೆಯುವುದನ್ನು ಕೂಡ ಕೆಲವು ಸಂದರ್ಭಗಳಲ್ಲಿ ಕಾಯಿದೆ ಒಪ್ಪುತ್ತದೆ. ಜೀವ ಹೋದೀತು, ಅಂಗ ಊನವಾದೀತು ಎಂಬ ಭಯಕ್ಕೆ ಕಾರಣವಿದ್ದಾಗ, ಬಲಾತ್ಕಾರಕ್ಕೆ ಬಂದಾಗ, ಎತ್ತಿಕೊಂಡು ಹೋಗಲು ಬಂದಾಗ, ಹೀಗೆ. 2013ರಲ್ಲಿ ಆಸಿಡ್ ಎರಚುವುದನ್ನೂ ಆ ಸಾಲಿಗೆ ಸೇರಿಸಿದರು. ಸೂರ್ಯ ಮುಳುಗಿದ ಮೇಲೆ ಕನ್ನ ಹಾಕಿ, ಬಾಗಿಲು ಮುರಿದು ಒಳನುಗ್ಗುವವನ ವಿಷಯದಲ್ಲಿ ಕಾಯಿದೆ ಮನೆಯವರ ಕಡೆಗೇ ಹೆಚ್ಚು ವಾಲುತ್ತದೆ.

ಮದುರೈಯಲ್ಲಿ 2012ರಲ್ಲಿ ನಡೆದದ್ದನ್ನು ಪೇಪರಿನಲ್ಲಿ ನೀವೂ ಓದಿರಬಹುದು. ಮಗಳ ಮೇಲೆ ಕೈ ಹಾಕಲು ಹೋದ ಗಂಡನನ್ನು ತಾಯಿಯೊಬ್ಬಳು ಕ್ರಿಕೆಟ್ ಬ್ಯಾಟಿನಿಂದ ಹೊಡೆದಳು, ಅವನು ಸತ್ತ. ಅಲ್ಲಿಯ ಪೋಲೀಸರು ಇದು ಕಲಂ 100ರ ಅಡಿ ಬರುತ್ತದೆಂದು ಆಕೆಯನ್ನು ಜೈಲಿಗೆ ಕಳಿಸದೆ ಬಿಟ್ಟರು. ಇದನ್ನು ಚಿಗವ್ವನಿಗೆ ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, “ಆ ಹುಡುಗಿ ಈಗ ಹೆಂಗದಾಳ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಹಾಗೆಂದು ಈ ಹಕ್ಕಿಗೆ ಬೇಲಿಯೇ ಇಲ್ಲವೆಂದಲ್ಲ. ಪೋಲೀಸರನ್ನು ಕರೆಯಲು ಸಮಯವಿದ್ದರೆ ಕರೆಯಬೇಕು. ಈಗಾದರೆ 112 ಇದೆ, ಆಗ ನಮ್ಮ ಕಡೆ ಅದು ಬಂದಿರಲಿಲ್ಲ, ಠಾಣೆ ಹದಿನಾಲ್ಕು ಕಿಲೋಮೀಟರು ದೂರ, ಕರೆಂಟಿಲ್ಲದೆ ಫೋನು ಸತ್ತಿತ್ತು. ಇನ್ನೊಂದು, ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಗಾಯ ಮಾಡಬಾರದು. ಮೂರನೆಯದೇ ದೊಡ್ಡದು. ಅಪಾಯದ ಭಯ ಹುಟ್ಟಿದ ಕ್ಷಣಕ್ಕೆ ಹಕ್ಕು ಹುಟ್ಟುತ್ತದೆ, ಭಯ ತೀರಿದ ಕ್ಷಣಕ್ಕೆ ಹಕ್ಕೂ ತೀರುತ್ತದೆ. ಆಮೇಲೆ ಹೊಡೆದರೆ ಅದು ಸೇಡು.

“ಹಂಗಾರ ಆ ಎರಡನೇ ಏಟು?” ಅಂದೆ. ಅಣ್ಣನ ಮಗಳು ನಗಲಿಲ್ಲ. “ಕೇಸು ನಿಂತಿರೋದೇ ಅದರ ಮ್ಯಾಲೆ, ಅತ್ತೀ” ಅಂದಳು.

ಅಲ್ಲಿಂದ ನನಗೆ ನಿದ್ದೆ ಹೋಯಿತು. ಊರವರು ಬಾಗಿಲ ಬಗ್ಗೆ ಕೇಳುತ್ತಿದ್ದರು. ಕಾಯಿದೆ ಕೇಳುವುದು ಬಾಗಿಲನ್ನಲ್ಲ, ಬೆನ್ನನ್ನು. ಅವನು ಬೆನ್ನು ತಿರುಗಿಸಿದ ಮೇಲೆ ಹೊಡೆದಳೋ, ಮೊದಲೋ? ಗಾಯವಂತೂ ಹೆಗಲ ಹಿಂದೆಯೇ ಇತ್ತು.

ಈ ಚಿಂತೆಯಲ್ಲಿದ್ದಾಗಲೇ ವಕೀಲರು ಒಂದು ಹಳೆಯ ತೀರ್ಪಿನ ಮಾತು ತೆಗೆದರು. ಸುಪ್ರೀಂ ಕೋರ್ಟು 1962ರಲ್ಲಿ ಕೊಟ್ಟದ್ದು, ಪಂಜಾಬಿನ ಜೈ ದೇವ್ ಎಂಬುವರ ಕೇಸು. ಬರೆದವರು ನ್ಯಾಯಮೂರ್ತಿ ಗಜೇಂದ್ರಗಡಕರ್, 1964ರಿಂದ 1966ರವರೆಗೆ ದೇಶದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಹೆಸರೇ ಹೇಳುವಂತೆ ಅವರ ಮನೆತನದ ಮೂಲ ನಮ್ಮ ಜಿಲ್ಲೆಯ ಗಜೇಂದ್ರಗಡ. ಹುಟ್ಟಿದ್ದು ಸಾತಾರೆಯಲ್ಲಾದರೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ನಮ್ಮ ಕಡೆಯವರೇ ಎಂದು ಕೇಳಿ, ಯಾಕೋ, ಅರ್ಧ ಧೈರ್ಯ ಬಂತು. ಇಂಥ ಮೂರ್ಖ ಸಮಾಧಾನಗಳೇ ಕೆಲವೊಮ್ಮೆ ಮನುಷ್ಯರನ್ನು ಕಾಯುತ್ತವೆ.

ಆ ತೀರ್ಪಿನಲ್ಲಿ ಅವರು ಹೇಳಿದ್ದು ಹೀಗೆ: ಹಠಾತ್ತನೆ ಹಲ್ಲೆಗೆ ಸಿಕ್ಕವನು ಓಡಿಹೋಗಿಯೇ ತನ್ನನ್ನು ಕಾಯ್ದುಕೊಳ್ಳಬೇಕೆಂದು ಕಾಯಿದೆ ಬಯಸುವುದಿಲ್ಲ. ಜೀವಭಯದಲ್ಲಿರುವ ಮನುಷ್ಯ ತನ್ನ ಏಟನ್ನು ತಕ್ಕಡಿಯಲ್ಲಿ ತೂಗಿ ಹೊಡೆಯಲಾರ, ಅದನ್ನು ಕೋರ್ಟು ನೆನಪಿಡಬೇಕು. ಇಷ್ಟು ಕೇಳಿ ನಾನು ಹಿಗ್ಗಿದೆ. ಆದರೆ ವಕೀಲರು ಉಳಿದರ್ಧವನ್ನೂ ಹೇಳಿದರು. ಆ ಕೇಸಿನಲ್ಲಿ ಹೊಲ ಉಳಿಸಿಕೊಳ್ಳುವ ಹಕ್ಕಿದ್ದವರೇ ಎದುರಿನವರು ಓಡುತ್ತಿರುವಾಗ ಗುಂಡು ಹಾರಿಸಿದ್ದರು. ಅಪಾಯ ತೀರಿದ ಮೇಲಿನ ಗುಂಡಿಗೆ ಹಕ್ಕಿಲ್ಲವೆಂದು ಅವರಿಗೆ ಶಿಕ್ಷೆಯೇ ಆಯಿತು. 1980ರಲ್ಲಿ ಗುಜರಾತಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಗಟ್ಟಿಯಾಗಿ, ಪಾರಾಗುವ ಸುರಕ್ಷಿತ ಹಾದಿ ಇದ್ದಾಗ ಪ್ರಾಣ ತೆಗೆಯುವವರೆಗೆ ಹೋಗಬಾರದೆಂದೂ ಹೇಳಿತ್ತು. 2010ರಲ್ಲಿ ದರ್ಶನ್ ಸಿಂಗ್ ಎಂಬುವರ ಕೇಸಿನಲ್ಲಿ ಇದನ್ನೆಲ್ಲ ಒಟ್ಟು ಮಾಡಿ ಹತ್ತು ಸೂತ್ರ ಬರೆದರು. ಅದರಲ್ಲಿ ತಕ್ಕಡಿಯ ಮಾತು ಮತ್ತೆ ಬಂತು, ಭಯ ಸಕಾರಣವಾಗಿದ್ದರೆ ಸಾಕು, ಅಪಾಯ ನಿಜವಾಗಿ ನಡೆದೇ ತೀರಬೇಕಿಲ್ಲ ಎಂಬುದೂ ಬಂತು. ಅಂತೂ ಓಡು ಎಂದು ಕಾಯಿದೆಯ ಪುಸ್ತಕದಲ್ಲಿಲ್ಲ. ಆದರೆ ಓಡಬಹುದಿತ್ತೇ ಎಂಬುದು ನ್ಯಾಯಾಧೀಶರ ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ.

ಮುಂಡರಗಿಯ ಕಡೆಯ ನಮ್ಮ ಬೀಗರೊಬ್ಬರು, ನಿವೃತ್ತ ಮಾಸ್ತರರು, ಇದಕ್ಕೊಂದು ಇತಿಹಾಸ ಸೇರಿಸಿದರು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದು ಮನೆಮನೆಯ ಆಯುಧ ಕಿತ್ತುಕೊಳ್ಳಹೋದಾಗ ಹಲಗಲಿಯ ಬೇಡರು ಎದ್ದರು. ಮರುವರ್ಷ ಮುಂಡರಗಿ ಭೀಮರಾಯರು ದಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದರು. ಅದಾಗಿ ಎರಡೇ ವರ್ಷಕ್ಕೆ, 1860ರಲ್ಲಿ, ಅದೇ ಸರಕಾರ ದಂಡ ಸಂಹಿತೆ ಪಾಸು ಮಾಡಿತು. ಅದರ ಮೊದಲ ಕರಡು ಬರೆಸಿದ ಮೆಕಾಲೆಗೆ ಈ ದೇಶದ ಜನ ಪೆಟ್ಟು ತಿಂದು ಸುಮ್ಮನಿರುತ್ತಾರೆ, ಅವರಿಗೆ ತಮ್ಮನ್ನು ತಾವು ಕಾಯುವ ಗಂಡುತನ ಕಲಿಸಬೇಕು ಎಂಬ ಹಂಬಲವಿತ್ತಂತೆ. ಅದಕ್ಕೇ ಈ ಹಕ್ಕನ್ನು ಅಷ್ಟು ಅಗಲವಾಗಿ ಬರೆದದ್ದು. “ಕೈಯಾಗಿನ ಕತ್ತಿ ಕಸಗೊಂಡು, ಹೊಡೀರಿ ಅಂತ ಹಕ್ಕು ಕೊಟ್ರು ನೋಡವಾ” ಎಂದು ಮಾಸ್ತರರು ನಕ್ಕರು. ಗಂಡುತನವೆಂದು ಬರೆದವನಿಗೆ ಊದುಗೊಳವಿ ನೆನಪಾಗಿರಲಾರದು. ಓಬವ್ವನ ಕಾಲ ಅದಕ್ಕಿಂತ ಹಿಂದಿನದು, ಚಿತ್ರದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ನಿಂತವಳಿಗೆ ಯಾರೂ ತಾರೀಖು ಕೊಡಲಿಲ್ಲ. ನಮ್ಮ ಚಿಗವ್ವನಿಗೆ ಮೂರೂವರೆ ವರ್ಷ ಕೊಟ್ಟರು.

ಆ ಮೂರೂವರೆ ವರ್ಷದಲ್ಲಿ ರಾಜಿಯ ಮಾತು ಎಷ್ಟು ಸಲ ಬಂತು! ಹಿರಿಯರು ಪಡಸಾಲಿಯಲ್ಲಿ ಕುಳಿತು, “ಅವನೂ ಬಿಡತಾನ, ನೀನೂ ಬಿಡು, ಒಂದ ಮನೆತನ” ಎಂದರು. ಕೈ ಮುರಿದ ಕೇಸನ್ನು ರಾಜಿ ಮಾಡಿಕೊಳ್ಳಲು ಬರುತ್ತದೆ, ಹೆಣ್ಣಿನ ಮೈಗೆ ಕೈ ಹಾಕಿದ ಕೇಸನ್ನು ಹಾಗೆ ಬಿಡಲು ಬರುವುದಿಲ್ಲ ಎಂದು ವಕೀಲರು ಮೊದಲೇ ಹೇಳಿದ್ದರು. ಹಿರಿಯರು ಕೇಳುತ್ತಿದ್ದುದು ಬೇರೆ, ಕೋರ್ಟಿನಲ್ಲಿ ಕತ್ತಲಿತ್ತು, ಗುರುತು ಸಿಗಲಿಲ್ಲ ಎಂದು ಬಿಡು ಎಂದು. ಚಿಗವ್ವ ಅವರಿಗೆಲ್ಲ ಚಹಾ ಕೊಟ್ಟು, “ಗುರುತು ಸಿಕ್ಕಿದ್ದಕ್ಕ ಅಲ್ಲೇನ ನಾ ಅಂಜಿದ್ದು?” ಅಂದಳು. ನಾನೂ ಒಂದು ಹಂತದಲ್ಲಿ ಸಾಕು ಬಿಡು ಎಂದಿದ್ದೆ. ಹುಡುಗಿಯ ಮದುವೆಯ ದಿನಕ್ಕೆ ಇದೆಲ್ಲ ಅಡ್ಡ ಬಂದೀತೆಂದು ನನಗೆ ಹೆದರಿಕೆ. ಆಕೆ ನನಗೆ ಉತ್ತರ ಕೊಡಲಿಲ್ಲ, ಆ ತಿಂಗಳು ಶೇಂಗಾ ಹೋಳಿಗೆ ಕಳಿಸಲಿಲ್ಲ, ಅಷ್ಟೇ.

ವಿಚಾರಣೆಯ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಅವನ ವಕೀಲರು ಮನೆಯ ನಕಾಶೆ ಹಿಡಿದು ಸವಾಲು ಹಾಕಿದರು. ಹಿತ್ತಲ ಬಾಗಿಲು ಇತ್ತೋ? ಇತ್ತು. ತೆರೆದಿತ್ತೋ? ತೆರೆದಿತ್ತು. ಅಲ್ಲಿಂದ ನೆರೆಮನೆಗೆ ಎಷ್ಟು ಹೆಜ್ಜೆ? ಎಣಿಸಿಲ್ಲ. ಹತ್ತಿರವೋ ದೂರವೋ? ಹತ್ತಿರ. ಹಾಗಾದರೆ ಯಾಕೆ ಹೋಗಲಿಲ್ಲ? ಚಿಗವ್ವ, “ನಾ ಹೋದ್ರ ಅಂವ ನಡುಮನ್ಯಾಗ ಉಳೀತಿದ್ದ. ನನ ಮಗಳೂ ನಡುಮನ್ಯಾಗ ಉಳೀತಿದ್ಲು” ಅಂದಳು.

ಆಮೇಲೆ ಬೆನ್ನಿನ ಪ್ರಶ್ನೆ. ಗಾಯ ಹಿಂದೆ ಇದೆ, ಅಂದರೆ ಅವನು ಹೊರಟಿದ್ದ, ನೀನು ಅಟ್ಟಿಸಿಕೊಂಡು ಹೊಡೆದೆ, ಹೌದೋ ಅಲ್ಲವೋ? ನನ್ನ ಕೈ ತಣ್ಣಗಾದುವು. ಎರಡೂ ಏಟು ಒಟ್ಟಿಗೇ ಬಿದ್ದುವು ಎಂದು ಹೇಳಬಹುದಿತ್ತು, ಸುಳ್ಳೆಂದು ತೋರಿಸುವವರು ಯಾರೂ ಇರಲಿಲ್ಲ. ಚಿಗವ್ವ ಹಾಗೆ ಹೇಳಲಿಲ್ಲ. “ಮೊದಲನೇದು ಬಿದ್ದಮ್ಯಾಲೆ ಅಂವ ಬಗ್ಗಿದ್ರಿ. ಬಗ್ಗಿ ಹೊಂಟಿದ್ನೋ, ನೆಲದಾಗ ಏನರೆ ತಡವತಿದ್ನೋ, ಹುಡುಗಿ ಕಡೆ ತಿರಗತಿದ್ನೋ, ನನಗ ಗೊತ್ತಿಲ್ಲ. ಕತ್ತಲಾಗ ಬೆನ್ನ ಯಾವುದು, ಮಾರಿ ಯಾವುದು ಅಂತ ಹೆಂಗ ನೋಡಲಿ? ಅಂವ ಬಾಗಲಾ ದಾಟಿದ್ರ ಹೊಡೀತಿದ್ದಿಲ್ಲ. ದಾಟಿರಲಿಲ್ರಿ.”

ಕೋರ್ಟಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವನ ವಕೀಲರು ಕಾಗದ ತಿರುವಿ ಮುಂದಿನ ಪ್ರಶ್ನೆಗೆ ಹೋದರು.

2019ರ ಕೊನೆಗೆ ಎರಡೂ ಕೇಸಿನ ತೀರ್ಪು ಒಂದೇ ದಿನ ಬಂತು. ಚಿಗವ್ವನನ್ನು ಬಿಟ್ಟರು. ಕತ್ತಲಲ್ಲಿ, ಮಗುವನ್ನು ಹಿಂದಿಟ್ಟುಕೊಂಡು ನಿಂತವಳ ಎರಡನೆಯ ಏಟನ್ನು ಮೊದಲನೆಯದರಿಂದ ಬೇರೆ ಮಾಡಿ ನೋಡಲು ಬರುವುದಿಲ್ಲ, ಆಯುಧವೂ ಒಲೆಯ ಬಳಿಯದೇ, ಹೊರಗಿನಿಂದ ತಂದದ್ದಲ್ಲ ಎಂದು ಬರೆದಿದ್ದಾರೆ ಎಂದು ವಕೀಲರು ಓದಿ ಹೇಳಿದರು. ಹಿತ್ತಲ ಬಾಗಿಲಿನ ಬಗ್ಗೆ ಏನು ಬರೆದಿದ್ದಾರೆ ಎಂದು ನಾನು ಕೇಳಿದೆ. ಒಂದೇ ಸಾಲು ಇತ್ತಂತೆ, ಆರೋಪಿಗೆ ಓಡಿಹೋಗುವ ಹೊಣೆ ಇರಲಿಲ್ಲವೆಂದು. ಅವನಿಗೆ ರಾತ್ರಿ ಮನೆ ಹೊಕ್ಕದ್ದಕ್ಕೆ ಶಿಕ್ಷೆಯಾಯಿತು. ಮೇಲ್ಮನವಿ ಹಾಕಿಕೊಂಡು ಜಾಮೀನಿನ ಮೇಲೆ ಊರಿನಲ್ಲಿಯೇ ಇದ್ದ. ಅದೇ ಕಟ್ಟೆಯ ಮೇಲೆ ಕೂಡುತ್ತಿದ್ದ. ಚಿಗವ್ವ ಮಾತ್ರ ಹಳೇ ಹಾದಿಯಲ್ಲೇ ನೀರಿಗೆ ಹೋಗತೊಡಗಿದಳು.

ಮಗಳು ಈಗ ಗದಗಿನಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಹಾಸ್ಟೆಲಿನಲ್ಲಿದ್ದಾಗ ಕರಾಟೆ ಕಲಿತಳು. ಸರಕಾರ 2021ರಿಂದ ನವೆಂಬರ್ 11ಕ್ಕೆ ಓಬವ್ವನ ಜಯಂತಿ ಆಚರಿಸುತ್ತಿದೆ, ಒಂದು ವರ್ಷ ಆ ದಿನ ಅವಳೂ ವೇದಿಕೆಯ ಮೇಲೆ ಹಂಚು ಒಡೆದು ತೋರಿಸಿದ್ದಳಂತೆ. ಚಿಗವ್ವ ಕೇಳಿ, “ಹಂಚ್ಯಾಕ ಒಡದ್ರು, ಚಲೋ ಹಂಚ” ಎಂದು ಮರುಗಿದಳು.

ಇಂಥದ್ದು ಯಾರಿ‌ಗಾದರೂ ಆದರೆ ಏನು ಮಾಡಬೇಕೆಂದು ವಕೀಲರನ್ನು ಕೇಳಿದ್ದೆ. ಮೊದಲು ನಿಮ್ಮ ದೂರು ನೀವೇ ಹೋಗಿ ಕೊಡಿ, ತಡ ಮಾಡಬೇಡಿ ಎಂದರು. ಮೈಮೇಲೆ ತರಚಿದ್ದರೂ ಸರಕಾರಿ ದವಾಖಾನೆಯಲ್ಲಿ ತೋರಿಸಿ ಬರೆಸಿ, ಆ ಕಾಗದ ಕಳೆಯಬೇಡಿ. ಎರಡು ಏಟು ಹೊಡೆದಿದ್ದರೆ ಎರಡೆಂದೇ ಹೇಳಿ. ಚಿಗವ್ವನ ಕೈಯ ತರಚು ಗಾಯದ ಒಂದು ಹಾಳೆ ಕೋರ್ಟಿನಲ್ಲಿ ಎಷ್ಟು ಕೆಲಸ ಮಾಡಿತೆಂದು ಕಣ್ಣಾರೆ ನೋಡಿದ್ದೇನೆ.

ಅಪೀಲಿನ ಅವಧಿ ಮುಗಿದ ಮೇಲೆ ಚಿಗವ್ವ ಮುದ್ದೆಮಾಲು ವಾಪಸು ಬೇಕೆಂದು ಅರ್ಜಿ ಕೊಟ್ಟಳು. ಜೊತೆಗೆ ನಾನು ಹೋಗಿದ್ದೆ. ಕಪಾಟಿನಿಂದ ಹುಡುಕಿ ತೆಗೆದ ಗುಮಾಸ್ತರು, “ಸಂತ್ಯಾಗ ಹೊಸಾವ ಸಿಗತಾವಲ್ಲವಾ, ಇದಕ್ಕ ಇಷ್ಟ ಯಾಕ ಓಡಾಡಿದಿ?” ಎಂದರು. “ನಮ್ಮತ್ತೀದ್ರಿ ಅದು” ಎಂದು ಆಕೆ ಸಹಿ ಮಾಡಿದಳು. ಮನೆಯಲ್ಲಿ ಆ ಹೊತ್ತಿಗೆ ಗ್ಯಾಸು ಬಂದಿತ್ತು. ಆದರೂ ಆ ಸಂಜೆ ಒಲೆ ಹೊತ್ತಿಸಿದಳು. ಹಿತ್ತಲ ಬಾಗಿಲು ತೆರೆದಿಟ್ಟು, ಗಾಳಿಗೆ ಕುಳಿತು ರೊಟ್ಟಿ ಬಡಿದಳು. ಊದುಗೊಳವಿಗೆ ಕಟ್ಟಿದ್ದ ಕೋರ್ಟಿನ ಚೀಟಿ ಹಾಗೇ ಇತ್ತು, ದಾರ ಮಾತ್ರ ಹೊಗೆಗೆ ಕಪ್ಪಾಗತೊಡಗಿತ್ತು. ಹರಿದು ಒಲೆಗೆ ಹಾಕಲೇ ಎಂದು ಕೇಳಿದೆ. “ಇರಲಿ ಬಿಡ, ತಾನ ಉದರತೈತಿ” ಎಂದು ಒಂದು ಸಲ ಊದಿ, ಉಬ್ಬಿದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.